ಇಪ್ಪತ್ತು ಅಡಿ

ಕಣ್ಣಿನಂಗಡಿಯ ಹುಡುಗಿ ದೀಪ ಹಿಡಿದು ನೋಡಿ ಹೇಳಿದಳು:
ನೀವು ರೆಪ್ಪೆ ಬಡಿಯುವುದನ್ನೇ ಮರೆತಿದ್ದೀರಿ.

ಹಾಗೆ ಮರೆತವರನ್ನು ನಮ್ಮಲ್ಲಿ ಅನಿಮಿಷರು ಅಂತಾರೆ,
ಸ್ವರ್ಗದಲ್ಲಿರುತ್ತಾರೆ, ಅಂದೆ.
ಅವಳಿಗೆ ಅರ್ಥವಾಗಲಿಲ್ಲ. ನನಗೂ ನಗು ಬರಲಿಲ್ಲ.
ಸಂಜೆಯೊಳಗೆ ಅರವತ್ತು ಎದೆಗೂಡುಗಳ ವರದಿ ಒಪ್ಪಿಸಿ ಅಂತ
ದೇವತೆಗಳನ್ನು ಯಾರು ಕೇಳುತ್ತಾರೆ?

ಮೋರ್ಕಮ್ ಊರಿನ ಈ ಹಿಂದಿನ ಕೋಣೆಯಲ್ಲಿ
ಒಂದು ಪರದೆ ಮುಚ್ಚಿ ಇನ್ನೊಂದು ಪರದೆ ನೋಡುತ್ತಾ
ಯಾರ್ಯಾರದೋ ಪಕ್ಕೆಲುಬು ಎಣಿಸುವುದು ನನ್ನ ಕಸುಬು.
ಆಸ್ಪತ್ರೆ ಲ್ಯಾಂಕಾಸ್ಟರಿನಲ್ಲಿ, ಕೆಮ್ಮುವವರು ಇನ್ನೆಲ್ಲೋ,
ನನ್ನ ತನಕ ಬರುವುದು ಅವರ ಬೂದಿಬಣ್ಣ ಮಾತ್ರ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದು ಅನ್ನುತ್ತಿದ್ದಳು ಸೋದರತ್ತೆ.
ಈಗ ನಿಜಕ್ಕೂ ಬಿಟ್ಟುಕೊಳ್ಳುತ್ತೇನೆ, ದಿನಕ್ಕೆ ನಾಲ್ಕು ಹನಿ,
ಏಳು ಪೌಂಡಿನ ಪುಟ್ಟ ಸೀಸೆ, ಹೆಸರು ಕೃತಕ ಕಣ್ಣೀರು.
ಕೊಂಡ ಕಣ್ಣೀರಿಗೆ ಉಪ್ಪಿಲ್ಲ. ನೆಕ್ಕಿ ನೋಡಿದ್ದೇನೆ.

ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರ, ಇಪ್ಪತ್ತು ಸೆಕೆಂಡು,
ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿ ಕಳಿಸಿದ್ದಳು ಹುಡುಗಿ.
ಮನೆಯೊಳಗೆ ಅಷ್ಟು ದೂರವಿಲ್ಲ, ಅಳೆದೆ:
ಗೋಡೆಯಿಂದ ಗೋಡೆಗೆ ಹನ್ನೊಂದೂವರೆ.
ಪರದೆ ಸರಿಸಿದರೆ ಓಣಿ, ಕಸದ ತೊಟ್ಟಿಗಳು,
ಆಚೆಗೆ ಗಡಿಯಾರ ರಿಪೇರಿಯ ಹೆಂಗಸಿನ ಅಡುಗೆಮನೆ ಕಿಟಕಿ.
ಕಣ್ಣಳತೆಗೆ ಇಪ್ಪತ್ತು.

ಇಪ್ಪತ್ತು ಸೆಕೆಂಡಿನಲ್ಲಿ ಒಬ್ಬಳು ಏನು ತಾನೇ ಮಾಡಿಯಾಳು?
ಕೆಟಲಿಗೆ ನೀರು ಹಿಡಿದಾಳು, ಕುದಿಯುವುದು ನನಗೆ ಕಾಣುವುದಿಲ್ಲ.
ಬೆಕ್ಕನ್ನು ಬೈಯಲು ಬಾಯಿ ತೆರೆದಾಳು.
ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಕೈಗಡಿಯಾರದ ಹೊಟ್ಟೆಯಿಂದ ಹಲ್ಲುಚಕ್ರ ಎತ್ತುತ್ತಾಳೆ,
ಚಿಮಟಿಗೆ ಗಾಳಿಯಲ್ಲಿರುವಾಗಲೇ ನನ್ನ ಹೊತ್ತು ಮುಗಿಯುತ್ತದೆ.
ಹೀಗೆ ತುಂಡು ತುಂಡಾಗಿ ಒಂದು ಚಳಿಗಾಲ.

ಫೆಬ್ರವರಿಯಲ್ಲೊಂದು ದಿನ ಭೂತಗನ್ನಡಿ ತೆಗೆದು
ನೇರ ನನ್ನನ್ನೇ ನೋಡಿದಳು.
ಕೈ ಬೀಸಲಿಲ್ಲ, ನಗಲಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು.
ಬೈಗುಳವೆಂದುಕೊಂಡು ಹಿಂದೆ ಸರಿದೆ.
ಮಾರನೆಯ ದಿನವೂ ಹಾಗೇ. ಆಮೇಲೆ ಹೊಳೆಯಿತು,
ಎಣಿಸುತ್ತಿದ್ದಾಳೆ!
ಅವಳಿಗೂ ಯಾರೋ ದೂರ ನೋಡೆಂದು ಹೇಳಿದ್ದಾರೆ,
ಅವಳ ಇಪ್ಪತ್ತು ಅಡಿಗೆ ಸಿಕ್ಕಿದ್ದು ನಾನು,
ಎಣ್ಣೆ ಕಾಣದ ತಲೆ, ಮೊಣಕೈ ಹರಿದ ಸ್ವೆಟರು.
ಮರುದಿನದಿಂದ ತಲೆ ಬಾಚಿಕೊಂಡು ಕೂತೆ.

ಮಾರ್ಚಿನಲ್ಲಿ ನಾಲ್ಕು ದಿನ ಅವಳ ಕಿಟಕಿ ಮುಚ್ಚಿತ್ತು.
ನನ್ನ ಕಣ್ಣಿಗೆ ಹೋಗಲು ಮನೆಯಿಲ್ಲ.
ಓಣಿಯ ಕೊನೆಗೆ ಕೊಲ್ಲಿಯಿದೆ,
ಇಳಿತದ ಹೊತ್ತಿಗೆ ಮೈಲಿಗಟ್ಟಲೆ ಹೊಳೆಯುವ ಕೆಸರು,
ಬೇಕಾದಷ್ಟು ದೂರ, ಆದರೆ ಅಲ್ಲಿ ಯಾರೂ ಗಡಿಯಾರ ಬಿಚ್ಚುವುದಿಲ್ಲ.
ಆ ದಿನಗಳಲ್ಲಿ ಪ್ರತಿ ಎದೆಚಿತ್ರದಲ್ಲೂ
ಮೊದಲು ವಯಸ್ಸು ನೋಡುತ್ತಿದ್ದೆ.
ಅರವತ್ತೆಂಟು, ಹೆಣ್ಣು. ಶ್ವಾಸಕೋಶ ಸ್ವಚ್ಛ.
ಬೇರೆ ಯಾರೋ ಇರಬೇಕು.

ಐದನೆಯ ಬೆಳಿಗ್ಗೆ ಗಾಜಿಗೆ ಒಂದು ರಟ್ಟು ಅಂಟಿತ್ತು,
ಕಣ್ಣಿನಂಗಡಿಯ ಗೋಡೆಯ ಮೇಲಿನ ಹಾಗೆ
ದಪ್ಪಕ್ಷರದಲ್ಲಿ ಶುರುವಾಗಿ ಕೆಳಗಿಳಿದಂತೆ ಸಣ್ಣದಾಗುತ್ತಾ:

ಪೊರೆ ತೆಗೆಸಿಕೊಂಡೆ.
ಸೋಮವಾರದಿಂದ ಮತ್ತೆ ಕೂರುತ್ತೇನೆ.
ನಿಮ್ಮ ಪರದೆ ಹಳದಿ ಅಂದುಕೊಂಡಿದ್ದೆ ಇಷ್ಟು ದಿನ, ಬಿಳಿ!
ಹಿಲರಿ ರಿಗ್

ಹೆಸರಿನ ಸಾಲಿಗೆ ಕನ್ನಡಕ ಹುಡುಕಬೇಕಾಯಿತು.
ಇಪ್ಪತ್ತು ಕಳೆದು ನಲವತ್ತಾಯಿತು, ಅರವತ್ತಾಯಿತು,
ಬೆನ್ನ ಹಿಂದೆ ಯಾರದೋ ಎದೆ ಬೆಳಗುತ್ತಾ ಕಾದಿತ್ತು.
ನಾನು ಕುರ್ಚಿ ಹತ್ತಿ ಪರದೆ ಕಳಚಿದೆ.
ಬಿಳಿಯೇ, ನಿಜ. ಆದರೆ ಒಗೆದು ಎರಡು ವರ್ಷವಾಗಿತ್ತು.